ವಿಮಾನದ ಗಂಟೆ ಬಾಡಿಗೆ: ಪೆಟ್ರೋಲ್ ಯಾರ ತಲೆ ಮೇಲೆ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ತೆಂಗಿನ ತೋಟ ಇದೆ, ಬಾಡಿಗೆಗೆ ಓಡುವ ಒಂದು ಟ್ರಾಕ್ಟರ್ ಇದೆ. ಮನೆ ಲೆಕ್ಕ ಬರೆಯೋದು ನಾನೇ. ಮಗಳು ಅಮೆರಿಕದಲ್ಲಿ ಪೈಲಟ್ ತರಬೇತಿಯಲ್ಲಿದ್ದಾಳೆ. ಪ್ರೈವೇಟ್ ಲೈಸೆನ್ಸ್ ಆಗಿದೆ. ಈಗ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಬಾಡಿಗೆಗೆ ತಗೊಂಡು ಹಾರಾಟದ ಗಂಟೆ ಕೂಡಿಸ್ತಿದ್ದಾಳೆ. ಈಗಿರುವ ಶಾಲೆಯಲ್ಲಿ ಪೆಟ್ರೋಲ್ ಸೇರಿ ಗಂಟೆಗೆ 175 ಡಾಲರ್. ಇನ್ನೊಂದು ಕಡೆ 125, ಆದರೆ ಪೆಟ್ರೋಲ್ ನಮ್ಮದು, ಗ್ಯಾಲನ್‌ಗೆ 6.25 ಡಾಲರ್. ಗಂಟೆಗೆ 50 ಡಾಲರ್ ಉಳಿಯುತ್ತೆ ಅಂತ ನಾನು, ಉಳಿಯಲ್ಲಮ್ಮ ಅಂತ ಅವಳು. ಹೋದ ತಿಂಗಳು ಬೇರೆ ಊರಲ್ಲಿ ಇಳಿದಾಗ ಕೈಯಿಂದ 90 ಡಾಲರ್ ಕೊಟ್ಟು 12 ಗ್ಯಾಲನ್ ಹಾಕಿಸಿದಳು. ಶಾಲೆಯವರು ವಾಪಸ್ ಕೊಟ್ಟಿದ್ದು 72. ಇದು ಮೋಸ ಅಲ್ವಾ? ಅದೂ ಪೆಟ್ರೋಲೇ ತಾನೇ, ಅಷ್ಟು ರೇಟು ಯಾಕೆ? ಇಲ್ಲೇ ಓಡಿಸಿದ್ದರೆ ಕಡಿಮೆ ಆಗ್ತಿತ್ತಾ?

ಉತ್ತರ: ಮೇಡಂ, ಮಗಳು ಹೇಳಿದ್ದೇ ಸರಿ. 50 ಡಾಲರ್ ಉಳಿಯಲ್ಲ. ಆದರೆ ಅವಳು ಹೇಳಿದಷ್ಟಕ್ಕೆ ವಿಷಯ ಮುಗಿಯೋದೂ ಇಲ್ಲ. ಸ್ವಲ್ಪ ಉಳಿಯಬಹುದು, ಚೆನ್ನಾಗಿಯೇ ಉಳಿಯಬಹುದು, ಇಲ್ಲಾ ಕೈ ಕಚ್ಚಲೂಬಹುದು. ಅದು ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತಿನ ಮೇಲೆ ನಿಂತಿದೆ. ಆ ‘ಗಂಟೆ’ಯನ್ನು ಯಾವ ಮೀಟರ್ ನೋಡಿ ಎಣಿಸುತ್ತಾರೆ?

ಮೊದಲು ಸುಲಭದ್ದು ನೋಡೋಣ. ಪೆಟ್ರೋಲ್ ಸೇರಿಸಿ ಹೇಳುವ ದರಕ್ಕೆ ಅಲ್ಲಿ ವೆಟ್ ರೇಟ್ ಅಂತಾರೆ, ಸೇರಿಸದ್ದಕ್ಕೆ ಡ್ರೈ ರೇಟ್. ಸೆಸ್ನಾ 172 ಗಂಟೆಗೆ 8ರಿಂದ 9 ಗ್ಯಾಲನ್ ಕುಡಿಯುತ್ತೆ. ಅಮೆರಿಕದ ಗ್ಯಾಲನ್ ಅಂದರೆ 3.785 ಲೀಟರ್. ಹಾಗಾಗಿ ನಮ್ಮ ಲೆಕ್ಕದಲ್ಲಿ ಗಂಟೆಗೆ 30 ಲೀಟರ್‌ಗೂ ಮೇಲೆ. 8 ಗ್ಯಾಲನ್ ಅಂತಲೇ ಹಿಡಿಯಿರಿ. 6.25ರಿಂದ ಗುಣಿಸಿದರೆ ಸರಿಯಾಗಿ 50 ಡಾಲರ್. ನೀವು ಉಳಿಯುತ್ತೆ ಅಂದ 50 ಡಾಲರ್ ಹೋಗಿದ್ದು ಅಲ್ಲಿಗೇ, ಟ್ಯಾಂಕಿಗೆ. 9 ಗ್ಯಾಲನ್ ಕುಡಿದರೆ ಡ್ರೈ ರೇಟೇ ಗಂಟೆಗೆ 6.25 ಡಾಲರ್ ದುಬಾರಿ. ಮಗಳು ಹೇಳಿದ್ದು ಈ ಲೆಕ್ಕ.

ಇನ್ನು ಮೀಟರ್ ವಿಷಯ. ಇದು ನಿಮಗೆ ಬೇಗ ಅರ್ಥ ಆಗುತ್ತೆ, ಟ್ರಾಕ್ಟರ್ ಇರೋದರಿಂದ. ಹಳೇ ಟ್ರಾಕ್ಟರಿನ ಅವರ್ ಮೀಟರ್ ಗಡಿಯಾರ ಅಲ್ಲ. ಅದು ಎಂಜಿನ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸುತ್ತೆ. ಉಳುವಾಗ ಗಂಟೆಗೆ ಗಂಟೆ ತೋರಿಸುತ್ತೆ. ಬದುವಿನ ಮೇಲೆ ಐಡಲಿಂಗ್‌ನಲ್ಲಿ ಸುಮ್ನೆ ಡುಬುಡುಬು ಅಂತ ನಿಂತಿದ್ದರೆ ಗಡಿಯಾರದಲ್ಲಿ ಒಂದು ಗಂಟೆ ಆದರೂ ಮೀಟರಿನಲ್ಲಿ ಅರ್ಧದ ಆಸುಪಾಸು. ಬಾಡಿಗೆಗೆ ಕರೆದವರು ಕೈಗಡಿಯಾರ ನೋಡುತ್ತಾರೆ, ಡ್ರೈವರ್ ಮೀಟರ್ ನೋಡುತ್ತಾನೆ, ಆಮೇಲೆ ಜಗಳ. ನಿಮಗೆ ಗೊತ್ತಿಲ್ಲದ್ದೇನಲ್ಲ.

ವಿಮಾನದಲ್ಲಿ ಈ ಎರಡೂ ಇರುತ್ತೆ. ಎಂಜಿನ್ ಚಾಲೂ ಆದಾಗಿನಿಂದ ನಿಲ್ಲಿಸುವವರೆಗೆ ಗಡಿಯಾರದಂತೆ ಓಡುವುದು ಹಾಬ್ಸ್ ಮೀಟರ್. ಅದರಲ್ಲಿ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಸುತ್ತಿನ ಲೆಕ್ಕ ಇಡುವುದು ಟ್ಯಾಕ್. ರನ್‌ವೇ ಪಕ್ಕ ಸಾಲಿನಲ್ಲಿ ಕಾಯುವಾಗ, ಟ್ಯಾಕ್ಸಿ ಮಾಡುವಾಗ (ಅಂದರೆ ನೆಲದ ಮೇಲೆ ನಿಧಾನಕ್ಕೆ ಸಾಗುವಾಗ), ಇಳಿಯಲು ಶಕ್ತಿ ತಗ್ಗಿಸಿದಾಗ ಹಾಬ್ಸ್ ಓಡುತ್ತಲೇ ಇರುತ್ತೆ, ಟ್ಯಾಕ್ ನಿಧಾನ ಆಗುತ್ತೆ. ಸಾಮಾನ್ಯವಾಗಿ ಹಾಬ್ಸ್‌ಗಿಂತ ಟ್ಯಾಕ್ ಶೇಕಡಾ 10ರಿಂದ 20 ಕಡಿಮೆ ಇರುತ್ತೆ.

ಈಗ ಮಗಳು ಹಾಬ್ಸ್ ಪ್ರಕಾರ 2 ಗಂಟೆ ಹಾರಿದಳು ಅನ್ನಿ. ಈಗಿನ ಶಾಲೆ ಹಾಬ್ಸ್ ನೋಡಿ ಬಿಲ್ ಮಾಡುತ್ತಿದ್ದರೆ 350 ಡಾಲರ್. ಎರಡನೇ ಕಡೆಯವರೂ ಹಾಬ್ಸ್ ನೋಡುವವರಾದರೆ ಬಾಡಿಗೆ 250, ಪೆಟ್ರೋಲ್ 100, ಅಲ್ಲೂ 350. ಏನೂ ವ್ಯತ್ಯಾಸ ಇಲ್ಲ. ಅವರು ಟ್ಯಾಕ್ ನೋಡುವವರಾದರೆ? ಅದೇ ಹಾರಾಟಕ್ಕೆ ಟ್ಯಾಕ್ 1.7 ತೋರಿಸಿತು ಅಂತಿಟ್ಟುಕೊಳ್ಳಿ. ಬಾಡಿಗೆ 212.50, ಪೆಟ್ರೋಲ್ 100. ಒಟ್ಟು 312.50. ಅಂದರೆ 37.50 ಉಳಿತು. ಎಲ್ಲೂ ಕಾಯದೆ ಎದ್ದು, ಪೂರ್ತಿ ವೇಗದಲ್ಲಿ ನೇರ ದೂರದೂರಿಗೆ ಹೋಗಿಬಂದರೆ ಟ್ಯಾಕ್ 1.9ಕ್ಕೆ ಏರುತ್ತೆ, ಪೆಟ್ರೋಲ್ 17 ಗ್ಯಾಲನ್ ಆಗುತ್ತೆ. ಒಟ್ಟು 343.75. ಉಳಿಯೋದು ಬರೀ 6.25.

ಲಾಗ್‌ಬುಕ್‌ಗೆ, ಅಂದರೆ ಪೈಲಟ್ ತನ್ನ ಹಾರಾಟದ ಲೆಕ್ಕ ಇಡುವ ಪುಸ್ತಕಕ್ಕೆ, ಬರೆಯುವ ಗಂಟೆ ಈ ಎರಡಕ್ಕಿಂತ ಬೇರೆ. ಹಾರಲೆಂದು ವಿಮಾನ ತನ್ನ ಶಕ್ತಿಯಿಂದ ಕದಲಿದ ಹೊತ್ತಿನಿಂದ, ಇಳಿದು ಪೂರ್ತಿ ನಿಲ್ಲುವವರೆಗಿನ ಸಮಯ ಅದು. ಬಾಡಿಗೆ ಟ್ಯಾಕ್ ಲೆಕ್ಕದಲ್ಲಿ ಕೊಟ್ಟರೂ ಲಾಗ್‌ಬುಕ್‌ಗೆ ಪೂರ್ತಿ ಸಮಯ ಬರೆಯಬಹುದು. ಅದು ಕಳ್ಳಲೆಕ್ಕ ಅಲ್ಲ, ನಿಯಮ ಇರೋದೇ ಹಾಗೆ.

ಇನ್ನೊಂದು ವಿಷಯಕ್ಕೆ ಬರ್ತೀನಿ. ಶಾಲೆಯವರು ತಾವಾಗಿ ಇದನ್ನು ಹೇಳೋದು ಕಡಿಮೆ. ನಿಮ್ಮ ಮಗಳಿಗೆ ಬೇಕಾಗಿರೋದು ದೂರ ಅಲ್ಲ, ಗಂಟೆ. ಊರಿಗೆ ಬೇಗ ಮುಟ್ಟಿದರೆ ಅವಳಿಗೆ ಲಾಭ ಇಲ್ಲ. ಹಾಗಿದ್ದ ಮೇಲೆ ಎಂಜಿನ್ನನ್ನು ಯಾಕೆ ಜೋರಾಗಿ ಓಡಿಸಬೇಕು? ವಿಮಾನದ ಕೈಪಿಡಿಯಲ್ಲಿ ಯಾವ ಎತ್ತರದಲ್ಲಿ ಎಷ್ಟು ಸುತ್ತಿಗೆ ಎಷ್ಟು ಪೆಟ್ರೋಲ್ ಅಂತ ಪಟ್ಟಿಯೇ ಇದೆ. ಶೇಕಡಾ 75 ಶಕ್ತಿಯಿಂದ 55ಕ್ಕೆ ಇಳಿಸಿದರೆ ಪೆಟ್ರೋಲ್ ಹೆಚ್ಚುಕಡಿಮೆ ಕಾಲು ಭಾಗ ಉಳಿಯುತ್ತೆ. ಸುತ್ತು ಕಡಿಮೆ ಆದಷ್ಟೂ ಟ್ಯಾಕ್ ಕೂಡ ನಿಧಾನ. ದೂರದೂರಿನ ಕಡೆ ಹೀಗೆ ನಿಧಾನವಾಗಿ 2 ಗಂಟೆ ಹಾರಿದಾಗ 13 ಗ್ಯಾಲನ್, ಟ್ಯಾಕ್ 1.7 ಬಂತು ಅನ್ನಿ. ಬಾಡಿಗೆ 212.50, ಪೆಟ್ರೋಲ್ 81.25, ಒಟ್ಟು 293.75. ವೆಟ್ ರೇಟಿಗಿಂತ ಗಂಟೆಗೆ 28 ಡಾಲರ್ ಕಡಿಮೆ. ಇಲ್ಲಿ ಡ್ರೈ ರೇಟ್ ನಿಜವಾಗಿ ಗೆಲ್ಲುತ್ತೆ. ಹಾಬ್ಸ್ ಲೆಕ್ಕದ ವೆಟ್ ರೇಟಿನಲ್ಲಿ ನಿಧಾನ ಓಡಿಸಿದರೆ ಉಳಿಯೋದು ಶಾಲೆಯವರಿಗೆ, ನಿಮಗಲ್ಲ. ಒಂದು ಎಚ್ಚರಿಕೆ ಇದೆ. ಎಂಜಿನ್ ಹೊಸದಾಗಿದ್ದರೆ ಅಥವಾ ಆಗಷ್ಟೇ ಓವರ್‌ಹಾಲ್ ಆಗಿ ಬಂದಿದ್ದರೆ ಮೊದಲ ಕೆಲವು ಗಂಟೆ ಜೋರಾಗಿಯೇ ಓಡಿಸಬೇಕು, ರಿಂಗ್ ಕೂರಬೇಕಲ್ಲ. ಇದನ್ನು ಶಾಲೆಯ ಮೆಕ್ಯಾನಿಕ್ಕನ್ನು ಕೇಳಿಕೊಳ್ಳಲಿ.

ಕೆಂಪು ನಾಬಿನ ಕಥೆಯೂ ಇದರ ಜೊತೆಯದ್ದೇ. ಥ್ರಾಟಲ್ ಪಕ್ಕದಲ್ಲಿ ಕೆಂಪು ಬಣ್ಣದ ಒಂದು ನಾಬ್ ಇರುತ್ತೆ, ಮಿಕ್ಸ್‌ಚರ್ ಅಂತ. ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅಂತ ಹೇಳೋದು ಅದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತೆ, ಪೆಟ್ರೋಲೂ ಕಡಿಮೆ ಸಾಕು. ಪೈಲಟ್ ಆ ನಾಬನ್ನು ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾಳೆ. ಎಂಜಿನ್ ಸದ್ದಿನಲ್ಲಿ ಸಣ್ಣ ಒರಟು ಕೇಳಿಸಿದ ಕೂಡಲೇ ಅದು ನಯವಾಗುವವರೆಗೆ ಮತ್ತೆ ಒಳಗೆ ತಳ್ಳುತ್ತಾಳೆ. ಇಷ್ಟು ಮಾಡಿದರೆ ಗಂಟೆಗೆ ಒಂದು ಗ್ಯಾಲನ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಉಳಿಯುತ್ತೆ. ವೆಟ್ ರೇಟಿನಲ್ಲಿ ಓಡಿಸುವ ಎಷ್ಟೋ ಜನ ಹಾರುವಾಗ ಈ ನಾಬನ್ನು ಮುಟ್ಟುವುದೇ ಇಲ್ಲ. ಪೆಟ್ರೋಲ್ ಅವರದ್ದಲ್ಲವಲ್ಲ! ಕೊನೆಗೆ ಸ್ಪಾರ್ಕ್ ಪ್ಲಗ್‌ಗೆ ಸೀಸ ಕಟ್ಟಿಕೊಂಡು ಎಂಜಿನ್ ಕೆಮ್ಮುತ್ತೆ. ಡ್ರೈ ರೇಟಿನವರು ಆಸೆಗೆ ಬಿದ್ದು ಅತಿಯಾಗಿ ಎಳೆಯುತ್ತಾರೆ. ಏರುವಾಗ, ಶಕ್ತಿ ಜೋರಾಗಿರುವಾಗ ಹಾಗೆ ಎಳೆದರೆ ಸಿಲಿಂಡರ್ ಬಿಸಿಯಾಗಿ ಹಾಳಾಗುತ್ತೆ. ಮಗಳಿಗೆ ಇದನ್ನು ಕಲಿಸಿಯೇ ಇರುತ್ತಾರೆ. ಆದರೂ ಬಿಲ್ ಯಾರದು ಅನ್ನೋದು ಕೈಯ ಅಭ್ಯಾಸವನ್ನು ಬದಲಾಯಿಸುತ್ತೆ, ಇದನ್ನು ತುಂಬಾ ಜನರಲ್ಲಿ ನೋಡಿದ್ದೀನಿ.

ಇನ್ನು ಆ 18 ಡಾಲರ್. ಮೋಸ ಅಂತ ಹೇಳಲು ಬರಲ್ಲ. ವೆಟ್ ರೇಟಿನಲ್ಲಿ ಶಾಲೆಯವರು ತಮ್ಮ ಏರ್‌ಪೋರ್ಟಿನಲ್ಲಿ ತಮಗೆ ಬೀಳುವ ಪೆಟ್ರೋಲ್ ಬೆಲೆ ಇಟ್ಟುಕೊಂಡು ದರ ಕಟ್ಟಿರುತ್ತಾರೆ. ಹೊರಗಡೆ ಹಾಕಿಸಿದರೆ ಗ್ಯಾಲನ್‌ಗೆ ಅಷ್ಟೇ ವಾಪಸ್ ಕೊಡುತ್ತಾರೆ. ನಿಮ್ಮ ಲೆಕ್ಕ ನೋಡಿ: 72ನ್ನು 12ರಿಂದ ಭಾಗಿಸಿದರೆ 6 ಡಾಲರ್. ಅವರ ಮನೆ ದರ ಅದೇ ಇರಬೇಕು. ಮಗಳು ಕೊಟ್ಟಿದ್ದು 7.50. ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಈ ಸಾಲು ಇರುತ್ತೆ, ಓದಿಸಿ ನೋಡಿ. ಸಾಲೇ ಇಲ್ಲದಿದ್ದರೆ ಮಾತ್ರ ಗಟ್ಟಿಯಾಗಿ ಕೇಳಿ.

ಅದಕ್ಕಿಂತ, ಇನ್ನು ಮುಂದೆ ಆ 18 ಡಾಲರ್ ಹೋಗದ ಹಾಗೆ ಮಾಡಬಹುದು. ಅಮೆರಿಕದಲ್ಲಿ ಒಂದೊಂದು ಏರ್‌ಪೋರ್ಟಿಗೆ ಒಂದೊಂದು ಬೆಲೆ. ಒಂದೇ ಏರ್‌ಪೋರ್ಟಿನಲ್ಲೇ ಎರಡು ಬೆಲೆ ಇರೋದೂ ಉಂಟು. ಲಾರಿ ತಂದು ಅವರೇ ತುಂಬಿಸಿದರೆ ಜಾಸ್ತಿ. ನಾವೇ ಕಾರ್ಡ್ ಉಜ್ಜಿ, ಪೈಪ್ ಎಳೆದು, ಏಣಿ ಹತ್ತಿ ತುಂಬಿಸಿಕೊಂಡರೆ ಕಡಿಮೆ. ಏರ್‌ನ್ಯಾವ್ ಅನ್ನುವ ವೆಬ್‌ಸೈಟಿನಲ್ಲಿ ಈ ಬೆಲೆಗಳೆಲ್ಲ ಸಿಗುತ್ತೆ. ಹೊರಡುವ ಹಿಂದಿನ ರಾತ್ರಿ ನೋಡಿಕೊಂಡರೆ ಸಾಕು. ದೊಡ್ಡ ಏರ್‌ಪೋರ್ಟುಗಳಲ್ಲಿ ವಿಮಾನ ನಿಲ್ಲಿಸಿದ್ದಕ್ಕೇ ಬೇರೆ ಶುಲ್ಕ ಕೇಳುತ್ತಾರೆ, ಇಷ್ಟು ಗ್ಯಾಲನ್ ಹಾಕಿಸಿದರೆ ಅದನ್ನು ಬಿಡುತ್ತಾರೆ. ಅಂಥ ಕಡೆ ದುಬಾರಿ ಪೆಟ್ರೋಲ್ ಹಾಕಿಸೋದೇ ಲಾಭ ಆಗಬಹುದು. ರಸೀದಿ ಮೇಲೆ ವಿಮಾನದ ನಂಬರ್ ಬರೆದು ಅವತ್ತೇ ಫೋಟೋ ತೆಗೆದಿಡಲಿ. ಆ ಬಿಸಿಲಿಗೆ ಕಾಕ್‌ಪಿಟ್‌ನಲ್ಲಿಟ್ಟ ರಸೀದಿಯ ಅಕ್ಷರ ವಾರದಲ್ಲಿ ಮಾಸಿಹೋಗುತ್ತೆ.

ಬೆಲೆ ಯಾಕೆ ಅಷ್ಟು ಅಂದಿರಿ. ಸೆಸ್ನಾಗೆ ಹಾಕೋದು ಬಂಕಿನ ಪೆಟ್ರೋಲ್ ಅಲ್ಲ. ಅದು ಏವ್‌ಗ್ಯಾಸ್, ಅಂದರೆ ಏವಿಯೇಷನ್ ಗ್ಯಾಸೋಲಿನ್. ಅದರಲ್ಲೂ 100 ಎಲ್‌ಎಲ್ ಅನ್ನುವ ದರ್ಜೆಯದ್ದು. ಎಂಜಿನ್ ಬಡಿಯದಿರಲಿ ಅಂತ ಇವತ್ತಿಗೂ ಅದರಲ್ಲಿ ಸೀಸ ಬೆರೆಸುತ್ತಾರೆ. ನಮ್ಮ ಬಂಕುಗಳಲ್ಲಿ ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಅಮೆರಿಕದಲ್ಲೂ ರಸ್ತೆ ವಾಹನಗಳಿಗೆ 1996ರಿಂದ ಇಲ್ಲ. ಮುಖ್ಯವಾಗಿ ಸಣ್ಣ ವಿಮಾನಗಳಲ್ಲಿ ಉಳಿದಿದೆ. 2030ರ ಕೊನೆಯೊಳಗೆ ಅದನ್ನೂ ನಿಲ್ಲಿಸಬೇಕು ಅಂತ ಅಮೆರಿಕ ಗುರಿ ಇಟ್ಟುಕೊಂಡಿದೆ. ಸೀಸ ಇರೋದರಿಂದ ಬೇರೆ ಪೆಟ್ರೋಲ್ ಹೋಗುವ ಪೈಪ್‌ಲೈನಿನಲ್ಲಿ ಇದನ್ನು ಕಳಿಸೋ ಹಾಗಿಲ್ಲ. ಬೇರೆ ಲಾರಿ, ಬೇರೆ ಟ್ಯಾಂಕ್. ಮಾರಾಟವೋ ತೀರಾ ಕಮ್ಮಿ. ಬೆಲೆ ಏರದೇ ಇನ್ನೇನಾಗುತ್ತೆ?

ಬಂಕಿನದ್ದು ಹಾಕಿದರೇನು ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಈಗ ನಮ್ಮ ಬಂಕಿನ ಪೆಟ್ರೋಲಲ್ಲಿ ಶೇಕಡಾ 20 ಎಥನಾಲ್ ಇದೆ. ಅದು ನೀರು ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಸೀಲುಗಳನ್ನು ತಿನ್ನುತ್ತೆ. ಪುಟ್ಟ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್ ಕಾರಿನ ಪೆಟ್ರೋಲಲ್ಲಿ ಓಡುತ್ತೆ ನಿಜ. ಅದರ ಕಂಪನಿಯೂ ಒಪ್ಪಿರೋದು ಶೇಕಡಾ 10 ಎಥನಾಲ್‌ವರೆಗೆ ಮಾತ್ರ. ನಿಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಲ್ಲಿ 2023ರಲ್ಲಿ ಶುರುವಾದ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರ್‌ಗಳದ್ದು ಮತ್ತೆ ಬೇರೆಯೇ. ಅವು ಜೆಟ್ ವಿಮಾನಗಳ ಹಾಗೆ ಎಟಿಎಫ್‌ನಲ್ಲಿ ಓಡುತ್ತವೆ, ಅದು ಸೀಮೆಎಣ್ಣೆ ಜಾತಿಯದ್ದು. ಅದನ್ನು ತಪ್ಪಿ ಸೆಸ್ನಾಗೆ ಹಾಕಿದರೆ ಎದ್ದ ಸ್ವಲ್ಪ ಹೊತ್ತಿಗೆ ಎಂಜಿನ್ ನಿಲ್ಲಬಹುದು. ಅದಕ್ಕೇ ಏವ್‌ಗ್ಯಾಸ್‌ಗೆ ನೀಲಿ ಬಣ್ಣ ಹಾಕಿರುತ್ತಾರೆ. ಹಾರುವ ಮುಂಚೆ ಮಗಳು ರೆಕ್ಕೆಯ ಕೆಳಗಿನ ಪುಟ್ಟ ವಾಲ್ವ್‌ನಿಂದ ಒಂದು ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದು ನೋಡುತ್ತಾಳೆ. ತಿಳಿ ನೀಲಿ ಇರಬೇಕು. ತಳದಲ್ಲಿ ನೀರಿನ ಗುಳ್ಳೆ ಕೂತಿರಬಾರದು.

ಆಮೇಲೆ ರೆಕ್ಕೆ ಹತ್ತಿರ ಹತ್ತಿ, ಮುಚ್ಚಳ ತೆಗೆದು, ಅಳತೆ ಗೆರೆ ಇರುವ ಕೊಳವೆಯನ್ನು ಟ್ಯಾಂಕಿನ ತಳಕ್ಕೆ ಇಳಿಸುತ್ತಾಳೆ. ಮೇಲಿನ ತೂತಿಗೆ ಬೆರಳು ಒತ್ತಿ ಎತ್ತಿದರೆ ಒಳಗೆ ಪೆಟ್ರೋಲ್ ನಿಂತಿರುತ್ತೆ, ಎಷ್ಟು ಗ್ಯಾಲನ್ ಅಂತ ಗೆರೆ ನೋಡಿ ಹೇಳಬಹುದು. ಹಳೇ ಸೆಸ್ನಾಗಳ ಇಂಧನ ಮುಳ್ಳನ್ನು ನಂಬಿ ಯಾರೂ ಹಾರಲ್ಲ. ನಿಮಗೆ ಲೆಕ್ಕ ಬೇಕು ಅಂದರೆ ಅದು ಸಿಗೋದು ಈ ಕೊಳವೆಯಲ್ಲಿ. ಟ್ಯಾಂಕ್ ತುಂಬಿಸಿ ಹೊರಟು, ಬಂದ ಮೇಲೆ ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯಿತು? ಅದನ್ನು ಹಾಬ್ಸ್, ಟ್ಯಾಕ್ ಎರಡರ ಪಕ್ಕ ಬರೆದಿಡಲಿ. ಕೆಲವು ಹಾರಾಟ ಆದ ಮೇಲೆ ಆ ವಿಮಾನ ಅವಳ ಕೈಯಲ್ಲಿ ಗಂಟೆಗೆ ಎಷ್ಟು ಕುಡಿಯುತ್ತೆ ಅಂತ ಗೊತ್ತಾಗುತ್ತೆ. ಬಾಯಿಮಾತಿನ ‘8 ಗ್ಯಾಲನ್’ ಆಮೇಲೆ ಬೇಕಾಗಲ್ಲ.

ಈಗ ನನ್ನ ಸಲಹೆ. ಎರಡನೇ ಕಡೆಯವರು ಟ್ಯಾಕ್ ಲೆಕ್ಕ ಹಿಡಿಯುವವರಾದರೆ, ಉಳಿದ ಗಂಟೆಯೆಲ್ಲ ಒಬ್ಬಳೇ ದೂರ ಹಾರುವುದೇ ಆಗಿದ್ದರೆ, ಅಲ್ಲಿಗೆ ಹೋಗಲಿ. ಹಾಬ್ಸ್ ಲೆಕ್ಕದವರಾದರೆ ಈಗಿರುವಲ್ಲೇ ಇರಲಿ. ಹೋಗುವ ಮುಂಚೆ ಇನ್ನೂ ಕೆಲವು ಕೇಳಿಕೊಳ್ಳಬೇಕು. ವಿಮಾನ ವಾಪಸ್ ಕೊಡುವಾಗ ಟ್ಯಾಂಕ್ ತುಂಬಿಸಿ ಕೊಡಬೇಕಾ? ರಾತ್ರಿ ಬೇರೆ ಊರಲ್ಲಿ ಉಳಿದರೆ ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಅಂತ ಬಾಡಿಗೆ ಹಾಕ್ತಾರಾ? ಹೊಸ ಕಡೆ ಮೊದಲು ಇನ್‌ಸ್ಟ್ರಕ್ಟರ್ ಜೊತೆ ಹಾರಿ ತೋರಿಸಬೇಕು, ಅದರ ಖರ್ಚೆಷ್ಟು? ಇನ್ನು ವೆಟ್ ರೇಟಿನವರು ಬೆಲೆ ಏರಿದಾಗ ಗಂಟೆಗೆ ಇಷ್ಟು ಅಂತ ಫ್ಯೂಯೆಲ್ ಸರ್‌ಚಾರ್ಜ್ ಹಾಕುತ್ತಾರೆ. ಅದು ಹೇಳಿದ ದರದ ಒಳಗಿದೆಯಾ ಹೊರಗಾ, ಬರಹದಲ್ಲಿ ಕೇಳಲಿ. ಒಂದೇ ಸಲ 50 ಗಂಟೆಯ ದುಡ್ಡು ಕಟ್ಟಿದರೆ ರಿಯಾಯಿತಿ ಅಂದರೆ ನಾನಂತೂ ಕಟ್ಟಲ್ಲ. ಶಾಲೆ ಮುಚ್ಚಿದರೆ ಆ ದುಡ್ಡಿನ ಹಿಂದೆ ಅಲೆಯುವವರು ಯಾರು?

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಪ್ರತಿ ಹಾರಾಟ ಆದ ಮೇಲೆ ಫೋನ್ ಮಾಡಿ ಪೆಟ್ರೋಲಿಗೆ ಎಷ್ಟಾಯ್ತು ಅಂತ ಕೇಳಬೇಡಿ. ತಿಂಗಳಿಗೊಮ್ಮೆ ಲೆಕ್ಕ ನೋಡಿ, ಸಾಕು. ಡ್ರೈ ರೇಟಿನಲ್ಲಿ ಇರೋ ದೊಡ್ಡ ಅಪಾಯ ದುಡ್ಡಿನದ್ದಲ್ಲ. ಅಮ್ಮನಿಗೆ ಲೆಕ್ಕ ಕೊಡಬೇಕು ಅನ್ನೋ ಹುಡುಗಿ, ‘ಇಲ್ಲಿ 7.50 ಇದೆ, ಮನೆಗೆ ಹೋಗಿ ಹಾಕಿಸಿದರಾಯ್ತು’ ಅಂತ ಒಂದು ಏರ್‌ಪೋರ್ಟ್ ದಾಟಿ ಹೋಗ್ತಾಳೆ. ಎದುರುಗಾಳಿ ಹೊಡೆದರೆ ಅದೇ ದಾರಿಗೆ ಜಾಸ್ತಿ ಹೊತ್ತು ಬೇಕು, ಪೆಟ್ರೋಲ್ ಖರ್ಚಾಗೋದು ಹೊತ್ತಿನ ಮೇಲೆ. ಅಮೆರಿಕದ ನಿಯಮ ಪ್ರಕಾರ, ಕಣ್ಣಿಗೆ ದಾರಿ ಕಾಣುವ ಹವೆಯಲ್ಲಿ ಹಗಲು ಹಾರುವಾಗ ಸೇರುವ ಜಾಗ ತಲುಪಿದ ಮೇಲೂ 30 ನಿಮಿಷಕ್ಕೆ ಆಗುವಷ್ಟು ಇರುವ ಹಾಗೆ ಹೊರಡಬೇಕು, ರಾತ್ರಿಯಾದರೆ 45 ನಿಮಿಷ. ಅದು ನಿಯಮದ ಕೊನೆ ಗೆರೆ. ಬುದ್ಧಿವಂತ ಪೈಲಟ್‌ಗಳು ಒಂದು ಗಂಟೆಯದ್ದು ಇಟ್ಟುಕೊಳ್ಳುತ್ತಾರೆ. ತುಂಬಿಸಿ ಕೊಡುವ ಕರಾರಾದರೆ ಆ ಪೆಟ್ರೋಲ್ ನಷ್ಟವೂ ಅಲ್ಲ. ಟ್ಯಾಂಕಲ್ಲೇ ಉಳಿದಿರುತ್ತೆ, ವಾಪಸ್ ಬಂದಾಗ ಅಷ್ಟು ಕಡಿಮೆ ಹಾಕಿಸಿದರಾಯ್ತು. ‘ಪೆಟ್ರೋಲಿನ ವಿಷಯದಲ್ಲಿ ಜಿಪುಣತನ ಬೇಡ ಮಗಳೇ’ ಅಂತ ನೀವೇ ಹೇಳಿದರೆ ಅದರ ತೂಕವೇ ಬೇರೆ. ಇನ್‌ಸ್ಟ್ರಕ್ಟರ್ ಹೇಳಿದರೂ ಅಷ್ಟು ನಾಟಲ್ಲ.

ಇಲ್ಲೇ ಓಡಿಸಿದ್ದರೆ? ನಮ್ಮಲ್ಲಿ ಹೀಗೆ ಗಂಟೆ ಲೆಕ್ಕಕ್ಕೆ ವಿಮಾನ ಬಾಡಿಗೆಗೆ ಸಿಗೋದೇ ಅಪರೂಪ. ಜಕ್ಕೂರಿನ ಸರ್ಕಾರಿ ಶಾಲೆಯಿಂದ ಹಿಡಿದು ಎಲ್ಲ ಕಡೆ ತರಬೇತಿಯ ಜೊತೆಗೇ ಹಾರಾಟ. ಪೆಟ್ರೋಲ್ ಸೇರಿಸಿ ಒಟ್ಟು ಫೀ ಹೇಳೋದೇ ಜಾಸ್ತಿ. ಏವ್‌ಗ್ಯಾಸ್ ಪೂರ್ತಿ ಹೊರದೇಶದಿಂದ ಬರುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸಿ ಮಾರಲು ಶುರು ಮಾಡಿತು. ಇನ್ನು ಕೆಲವು ಶಾಲೆಗಳು ಎಟಿಎಫ್‌ನಲ್ಲಿ ಓಡುವ ಡೀಸೆಲ್ ಎಂಜಿನ್ನಿನ ಡೈಮಂಡ್ ವಿಮಾನ ಇಟ್ಟುಕೊಂಡಿವೆ. ಅವು ಗಂಟೆಗೆ ಕುಡಿಯೋದೂ ಕಡಿಮೆ. ಆದರೆ ಅರ್ಧ ದಾರಿಯಲ್ಲಿ ದೇಶ ಬದಲಿಸಿ ಪೆಟ್ರೋಲ್ ಉಳಿಸ್ತೀನಿ ಅನ್ನೋದು ಬೇಡ. ಈಗಾಗಲೇ ಖರ್ಚು ಮಾಡಿರೋದರ ಮುಂದೆ ಆ ಉಳಿತಾಯ ಏನೂ ಅಲ್ಲ.

ವಾಪಸ್ ಬಂದ ಮೇಲೆ ಇಲ್ಲಿ ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಕೇಳುತ್ತೆ, ಅದರಲ್ಲಿ 100 ಗಂಟೆ ಅವಳೇ ಕಮಾಂಡ್‌ನಲ್ಲಿ, ಅಂದರೆ ವಿಮಾನದ ಹೊಣೆ ಹೊತ್ತು, ಹಾರಿದ್ದಿರಬೇಕು. ಈ ಗಂಟೆಗಳನ್ನು ಪರಿಶೀಲನೆ ಮಾಡ್ತಾರೆ. ಟ್ಯಾಕ್ ಲೆಕ್ಕದ ಬಿಲ್ಲಿನಲ್ಲಿ 1.7 ಇರುತ್ತೆ, ಲಾಗ್‌ಬುಕ್‌ನಲ್ಲಿ 1.9 ಇರುತ್ತೆ. ಯಾಕೆ ಅಂತ ಕೇಳಿದರೆ ತೋರಿಸಲು, ಪ್ರತಿ ಬಿಲ್ಲಿನ ಮೇಲೆ ಎರಡೂ ಮೀಟರಿನ ಶುರು ಮತ್ತು ಕೊನೆಯ ಅಂಕಿ ಬರೆಸಿಕೊಂಡು ತರಲು ಹೇಳಿ.